ಬೆರಣಿಯ ಮೇಲಿನ ಬೀಜ

ಬೀಜಗಳು ಬೆರಣಿಯ ಒಂದೇ ಬದಿಯಲ್ಲಿ, ಅವ್ವನ ಬೆರಳೊತ್ತಿನ ಗುಳಿಗಳಲ್ಲಿ ಅಂಟಿಕೊಂಡಿದ್ದವು. ಸುಟ್ಟ ಮೇಲೂ ಆ ಗುಳಿಗಳು ಬೂದಿಯಲ್ಲಿ ಹಾಗೆಯೇ ಉಳಿದಿದ್ದವು. ಕಡ್ಡಿಯಿಂದ ಮುಟ್ಟಿದಾಗ ಕುಸಿದವು.

ಅವ್ವ ಹುಣಸೂರಿನ ನಮ್ಮ ಹಿತ್ತಲಲ್ಲಿ ಒಂದು ಬಗೆಯ ಉದ್ದ ಟೊಮೆಟೊ ಬೆಳೆಯುತ್ತಿದ್ದಳು. ಮದುವೆಯ ವರ್ಷ ಅಂತರಸಂತೆಯ ತವರಿನಿಂದ ತಂದ ಬೀಜ. ಹಣ್ಣು ಹೆಬ್ಬೆರಳಿಗಿಂತ ತುಸು ದಪ್ಪ, ತುದಿ ಮೊನಚು. ಹೆಚ್ಚಿದರೆ ಈಳಿಗೆಮಣೆ ಒದ್ದೆಯಾಗುತ್ತಿರಲಿಲ್ಲ, ಬರೀ ತಿರುಳು. ಸಾರಿಗೆ ಒಗ್ಗದ ಹಣ್ಣು, ಗೊಜ್ಜಿಗೆ ಮಾತ್ರ. ಸೌಟು ನಿಲ್ಲುವ ತನಕ ಕುದಿಸಿ, ಖಾರದ ಪುಡಿ, ಹುರಿದ ಮೆಂತ್ಯದ ಪುಡಿ, ಬೆಲ್ಲ ಹಾಕಿ, ಸಾಸಿವೆ ಒಗ್ಗರಣೆ ಕೊಟ್ಟರೆ ಆರು ತಿಂಗಳು ಕೆಡುತ್ತಿರಲಿಲ್ಲ. ಮೈಸೂರಿನ ಹಾಸ್ಟೆಲಿಗೆ ಮನೆಯಿಂದ ನಾನು ಒಯ್ಯುತ್ತಿದ್ದದ್ದು ಅದೊಂದನ್ನೇ, ಒಂದು ಗಾಜಿನ ಸೀಸೆಯಲ್ಲಿ. ತವರಿನವರು ಅಷ್ಟರಲ್ಲಾಗಲೇ ಹೈಬ್ರಿಡ್ ಸಸಿಗೆ ಬದಲಾಗಿದ್ದರು. ಹಾಗಾಗಿ ಆ ಬೀಜ ಅಲ್ಲೂ ಉಳಿದಿರಲಿಲ್ಲ.

ತಿರುಳಿನ ಹಣ್ಣಿನಲ್ಲಿ ಬೀಜ ಕಡಿಮೆ. ಅವ್ವ ಬುಡದ ಕೊಂಬೆಯ ನಾಲ್ಕೈದು ಹಣ್ಣುಗಳನ್ನು ಸುಕ್ಕಾಗುವವರೆಗೆ ಬಿಟ್ಟು, ಬೀಜಕ್ಕೆ ಬೂದಿ ಸವರಿ, ಹಸಿ ಬೆರಣಿಗೆ ಒತ್ತಿ ನೆರಳಲ್ಲಿ ಒಣಗಿಸುತ್ತಿದ್ದಳು. ಆಮೇಲೆ ಅದು ಬಚ್ಚಲಿನ ಅಟ್ಟಕ್ಕೆ ಹೋಗುತ್ತಿತ್ತು. ಒಲೆಯ ಹೊಗೆಗೆ ಹುಳ ಹತ್ತುತ್ತಿರಲಿಲ್ಲ. ಮುಂಗಾರು ಹಿಡಿದ ಮೇಲೆ ಆ ಬೆರಣಿಯನ್ನು ನೀರಲ್ಲಿ ನೆನೆಸಿ ಪಾತಿಗೆ ಸುರಿಯುತ್ತಿದ್ದಳು.

ನಾನು ಸಸ್ಯಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದ ವರ್ಷ, ಮೇ ತಿಂಗಳ ಒಂದು ಭಾನುವಾರ, ಹಂಡೆಗೆ ಉರಿ ಹಾಕಲು ಹೋದೆ. ಹಿಂದಿನ ದಿನದ ಮಳೆಗೆ ಹೊರಗಿನ ಬೆರಣಿ ಗುಡ್ಡೆ ನೆನೆದಿತ್ತು. ಅಟ್ಟದ ಮೇಲೆ ಒಂದು ಒಣಗಿದ್ದು ಸಿಕ್ಕಿತು. ಮಗುಚಿ ಇಟ್ಟಿದ್ದರಿಂದ ಬೀಜದ ಬದಿ ಕಾಣಲಿಲ್ಲ. ತಿರುಗಿಸಿ ನೋಡಬಹುದಿತ್ತು, ನೋಡಲಿಲ್ಲ.

ಅವ್ವ ಬಂದು ಒಲೆಯ ಬಾಯಿಗೆ ಬಗ್ಗಿದಳು.

"ವೋಯ್ತು ಬುಡು," ಎಂದಳು. ಆಮೇಲೆ ಎದ್ದು ಸೆರಗು ಕೊಡವಿ, "ಇನ್ನ ಗೊಜ್ಜು ಗಿಜ್ಜು ಇಲ್ಲ. ಸೀಸೇಲಿರೋದ್ನ ಉಸಾರಾಗಿ ತಿನ್ಕೊ."

ಮಧ್ಯಾಹ್ನ ಅವಳು ಉಣ್ಣಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದಳು.

ಆ ಟೊಮೆಟೊ ಇನ್ನೊಂದೇ ಕಡೆ ಇತ್ತು, ಪಕ್ಕದ ಮನೆಯಲ್ಲಿ. ಎರಡು ವರ್ಷದ ಹಿಂದೆ ಬೇಲಿಯಾಚೆ ಬಾಗಿದ್ದ ಹಣ್ಣುಗಳನ್ನು ಆ ಮನೆಯಾಕೆ ಕಿತ್ತುಕೊಂಡಿದ್ದಳು. ಅವ್ವ ನಲ್ಲಿಯ ಹತ್ತಿರ, ನಾಲ್ಕು ಜನರ ಮುಂದೆ, "ಕೇಳಿದ್ರೆ ಬಾಯಿ ಸವೀತಿತ್ತಾ?" ಎಂದಿದ್ದಳು. ಅಂದಿನಿಂದ ಎರಡು ಮನೆಗೂ ಮಾತಿಲ್ಲ. ಆದರೆ ಬೇಲಿಯಾಚೆ ಆ ಗಿಡಗಳು ವರ್ಷವರ್ಷವೂ ಏಳುತ್ತಿದ್ದುದು ನನ್ನ ಕೋಣೆಯ ಕಿಟಕಿಯಿಂದ ಕಾಣುತ್ತಿತ್ತು. ಅವ್ವನಿಗೂ ಕಾಣುತ್ತಿತ್ತು.

ಯಾರನ್ನೂ ಏನನ್ನೂ ಕೇಳುವ ಅಭ್ಯಾಸ ನನಗಿಲ್ಲ. ಪಕ್ಕದ ಮನೆಗೆ ಹೊರಡಲು ಸಂಜೆಯಾಯಿತು. ಆಕೆ ದೀಪ ಹಚ್ಚಿ ಹೊಸಿಲ ಬಳಿ ಕೂತಿದ್ದಳು.

"ಓಹೋ, ದಾರಿ ತಪ್ಪಿ ಬಂದ್ಯೇನವ್ವ?"

ನಡೆದದ್ದನ್ನು ಹೇಳಿದೆ.

"ಬೀಜದ ಬೆರಣೀನ ಒಲೆಗಾಕ್ದಾ!" ಆಕೆ ತೊಡೆ ತಟ್ಟಿಕೊಂಡು ನಕ್ಕಳು. "ಮೈಸೂರಲ್ಲಿ ಗಿಡದ್ ಇಸ್ಯಾನೇ ಓದ್ತೀಯಂತಲ್ಲ. ಇದ್ನೇ ಏನು ಏಳ್ಕೊಡೋದು ಅಲ್ಲಿ?"

ನಗು ಮುಗಿಯುವವರೆಗೆ ನಿಂತಿದ್ದೆ.

"ಸ್ವಲ್ಪ ಬೀಜ ಕೊಡ್ತೀರಾ?"

"ನಿಮ್ಮವ್ವ ಕಳ್ಸಿದ್ಲಾ?"

"ಇಲ್ಲ. ಅವ್ವಂಗೆ ಗೊತ್ತಿಲ್ಲ."

"ಅಂಗನ್ನು." ಆಕೆ ದೀಪದ ಬತ್ತಿಯನ್ನು ಸರಿಪಡಿಸಿದಳು. "ದೀಪ ಅಚ್ಚಿದ್ಮೇಲೆ ಬೀಜ ಆಚೆ ಕೊಡಲ್ಲ ಕಣವ್ವ. ಬರೀ ಕೈಗೂ ಕೊಡಲ್ಲ. ಬೆಳಿಗ್ಗೆ ಬಾ, ನೋಡವ. ಕೇಳ್ದೋರ್ಗೆ ಕೊಟ್ರೆ ನಂಗೇನೂ ಕೈ ಸವ್ಯಾಕಿಲ್ಲ."

ಅದು ಒಪ್ಪಿಗೆಯೋ ಹಳೆಯ ಮಾತಿಗೆ ಉತ್ತರವೋ ತಿಳಿಯಲಿಲ್ಲ.

ಮರುದಿನ ಏಳೂವರೆಯ ಬಸ್ಸಿಗೆ ನಾನು ಮೈಸೂರಿಗೆ ಹೊರಡಬೇಕಿತ್ತು. ಬೆಳಕು ಹರಿದ ಕೂಡಲೇ ಕಟ್ಟಿಟ್ಟಿದ್ದ ಬ್ಯಾಗು ಬಿಚ್ಚಿ, ಗೊಜ್ಜಿನ ಸೀಸೆ ತೆಗೆದುಕೊಂಡು ಪಕ್ಕದ ಮನೆಗೆ ಹೋದೆ. ಆಕೆ ಮುಚ್ಚಳ ತಿರುಗಿಸಿ, ಬೆರಳದ್ದಿ ನೆಕ್ಕಿದಳು.

"ಉಪ್ಪು ವಸಿ ಮುಂದು," ಎಂದು ಸೀಸೆಯನ್ನು ಒಳಗಿಟ್ಟು ಬಂದಳು. ಆಮೇಲೆ ತನ್ನ ಬೆರಣಿಯನ್ನು ಹೊಸಿಲಿಗೆ ಬಡಿದು ಎರಡು ಮಾಡಿ, ಒಂದು ಹೋಳನ್ನು ನನ್ನ ಕೈಗಿಟ್ಟಳು. ಅದರಲ್ಲಿ ಹನ್ನೊಂದು ಬೀಜಗಳಿದ್ದವು.

ಅವ್ವ ಆ ಹೋಳನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ಎಲ್ಲಿಂದ ತಂದೆ ಎಂದು ಕೇಳಲಿಲ್ಲ. ಬೆರಳೊತ್ತು ಅವಳದಕ್ಕಿಂತ ಅಗಲವಾಗಿತ್ತು.

"ಬೂದಿ ಕಮ್ಮಿ ಆಕವ್ಳೆ," ಎಂದಳು. ಆಮೇಲೆ ಬಿಚ್ಚಿದ್ದ ನನ್ನ ಬ್ಯಾಗಿನ ಕಡೆ ನೋಡಿ, "ಸೀಸೆ ವಾಪಸ್ ಇಸ್ಕೊಂಡ್ಯಾ?"

ಇಲ್ಲ ಎಂದೆ.

"ಇರ್ಲಿ ಬುಡು. ನಾನೇ ಓಗಿ ಇಸ್ಕೋತೀನಿ."

ಏಳೂವರೆಯ ಬಸ್ಸಿಗೆ ನಾನು ಹೋಗಲಿಲ್ಲ. ಬಚ್ಚಲಿಗೆ ಹೋಗಿ ಒಲೆಯ ಬೂದಿ ತೆಗೆದು, ತೆಂಗಿನ ಮಟ್ಟೆ ಹಾಕಿ, ಅವ್ವನ ಸ್ನಾನಕ್ಕೆ ನೀರು ಕಾಯಿಸಿದೆ.