ದಾಸವಾಳ ಪ್ರಕರಣ

ಕೆಲವು ವರ್ಷಗಳ ಹಿಂದೆ ಅಪರಾಧಶಾಸ್ತ್ರದ ಎಂ.ಎ.ಗೆ ಸೇರಿದಾಗ ಕೊಲೆ, ದರೋಡೆಗಳ ಮೇಲೆ ನನಗೆ ದೊಡ್ಡ ಭರವಸೆಯಿತ್ತು. ಪ್ರಬಂಧಕ್ಕೆ ಗೈಡ್ ಕೊಟ್ಟ ವಿಷಯ ಮಾತ್ರ 'ಪೊಲೀಸರವರೆಗೆ ಹೋಗದ ಅಪರಾಧಗಳು'. ಅದಕ್ಕಾಗಿ ವಿದ್ಯಾರಣ್ಯಪುರದ ನಮ್ಮ ಬೀದಿಯಲ್ಲೇ ಬಾಗಿಲು ತಟ್ಟುತ್ತಾ ಹೋದೆ. "ನಿಮ್ಮನೇಲಿ ಏನಾದ್ರೂ ಕಳುವಾಗಿದ್ಯಾ?" ಎಂದರೆ ಎಲ್ಲರದ್ದೂ ಒಂದೇ ಉತ್ತರ: ಹೂವು. ಬೆಳಗಿನ ವಾಕಿಂಗಿಗೆ ಹೊರಟ ಭಕ್ತವೃಂದ, ಕಾಂಪೌಂಡಿನಾಚೆ ಬಾಗಿದ ಟೊಂಗೆಗಳನ್ನು ದೇವರ ಹೆಸರಿನಲ್ಲಿ ಬೋಳಿಸಿಕೊಂಡು ಹೋಗುತ್ತಿತ್ತು. ಪೂಜೆಯ ಹೂವು ಕಿತ್ತವರನ್ನು ಕಳ್ಳರೆನ್ನುವ ಧೈರ್ಯ ಬೀದಿಯಲ್ಲಿ ಯಾರಿಗೂ ಇರಲಿಲ್ಲ.

ಮೂಲೆಮನೆಯ ಅಜ್ಜಿಗಿತ್ತು. ನಮ್ಮ ಬಡಾವಣೆ ಎದ್ದದ್ದೇ ಅವರ ಹಿರಿಯರ ರಾಗಿಹೊಲದ ಮೇಲೆ. ಹೊಲವೆಲ್ಲ ಬಾಡಿಗೆ ಮನೆಗಳಾಗಿ, ಅವರ ಪಾಲಿಗೆ ಉಳಿದ ಮಣ್ಣೆಂದರೆ ಗೇಟಿನ ಪಕ್ಕದ ದಾಸವಾಳದ ಬುಡ. ಅದರ ರಕ್ಷಣೆಗೆ ಸಿಸಿಟಿವಿ ಹಾಕಿಸಿದ್ದರು.

"ಕಳ್ರ ಬಗ್ಗೇನೇ ಓದ್ತಿದ್ದೀಯಂತಲ್ಲಪ್ಪ, ನೋಡಿ ಯೋಳು. ಯಾರವ್ಳು?" ಎಂದು ಮೊಬೈಲ್ ಹಿಡಿದರು.

ತಲೆಗೆ ಮಫ್ಲರ್ ಸುತ್ತಿದ ಹೆಂಗಸು. ಮುಖ ಕಾಣದು. ಛತ್ರಿಯ ಹಿಡಿಯಿಂದ ಟೊಂಗೆ ಬಗ್ಗಿಸಿದಳು. ಕೀಳುವ ಮುನ್ನ ಗಿಡಕ್ಕೆ ಕೈಮುಗಿದಳು. ಗಿಡದ ಅಪ್ಪಣೆ ಕೇಳಿ ಮಾಲೀಕರ ಅಪ್ಪಣೆ ಕೇಳದ ಆ ಹೆಂಗಸಿನ ಕೈತುತ್ತು ತಿಂದೇ ನಾನು ಬೆಳೆದದ್ದು.

"ಸ್ವಲ್ಪ ಟೈಮ್ ಕೊಡಿ ಅಜ್ಜಿ" ಎಂದೆ, ತನಿಖಾಧಿಕಾರಿಯ ಗತ್ತಿನಲ್ಲಿ.

"ನಾಳೆಗಂಟ ಕೊಡ್ತೀನಿ. ಆಮ್ಯಾಕೆ ಬೀದಿ ವಾಟ್ಸಾಪ್ ಗ್ರೂಪಿಗೆ ಆಕ್ತೀನಿ. ಯಾರೋ ಒಬ್ರು ಗುರ್ತು ಇಡೀತಾರೆ."

ಆ ಬೀದಿಯ ಅರ್ಧ ಮಕ್ಕಳಿಗೆ ಪಾಠ ಹೇಳಿದವಳು ಅಮ್ಮ. ವಿಡಿಯೋ ಗ್ರೂಪಿಗೆ ಬಿದ್ದರೆ ಅವಳು ಮತ್ತೆ ಗೇಟು ದಾಟುವುದು ಸಂಶಯ. ಅಡುಗೆಮನೆಯಲ್ಲೇ ವಿಚಾರಣೆ ನಡೆಸಿದೆ.

"ಅದು ಕಳ್ಳತನ ಹೇಗಾಗತ್ತೋ? ಟೊಂಗೆ ರಸ್ತೆಗೆ ಬಂದಿದೆ. ರಸ್ತೆ ಯಾರಪ್ಪಂದು?"

"ಕೋರ್ಟು ಒಪ್ಪಲ್ಲಮ್ಮ."

"ದೇವರು ಒಪ್ಪಿದಾನಲ್ಲ."

ಗ್ರೂಪಿನ ವಿಷಯ ಹೇಳಿದೆ. ಒಲೆಯ ಮೇಲೆ ಒಗ್ಗರಣೆ ಸೀಯುತ್ತಿತ್ತು; ಅಮ್ಮ ಸೌಟು ಆಡಿಸಲಿಲ್ಲ.

ಶಿಕ್ಷೆಗಿಂತ, ತಪ್ಪು ಮಾಡಿದವರನ್ನೂ ನೊಂದವರನ್ನೂ ಎದುರುಬದುರು ಕೂರಿಸುವುದೇ ಮೇಲೆಂದು ತರಗತಿಯಲ್ಲಿ ಕಲಿತಿದ್ದೆ. ಸಂಜೆ ಅಮ್ಮನನ್ನು ಮೂಲೆಮನೆಗೆ ಕರೆದೊಯ್ದೆ. ಪೀಠಿಕೆಗೆಂದು ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವಳು, "ಹೂವು ಕೀಳ್ತಿದ್ದೋಳು ನಾನೇ ಕಣ್ರೀ" ಎಂದುಬಿಟ್ಟಳು.

ಅಜ್ಜಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಟೀಚರಮ್ಮ ನೀವಾ! ಮೊಗ್ಗೂ ಬಿಡ್ತಿರ್ಲಿಲ್ವಲ್ರೀ!"

"ಮೊಗ್ಗು ನಾನು ಮುಟ್ಟಿಲ್ಲ. ಅದು ಪಕ್ಕದ ಕ್ರಾಸಿನೋರು."

"ಯಾರು, ಆ ಕೆಂಪು ಸ್ವೆಟ್ಟರಾ?"

"ಅವರೇ. ಅವರ ಮನೇಲೇ ಬಿಳೀ ದಾಸವಾಳ ಇದೆ. ಕಾಂಪೌಂಡಿಂದ ಆಚೆ ಬಗ್ಗಿದೆ."

ಅಜ್ಜಿ ಕುರ್ಚಿಯನ್ನು ಅಮ್ಮನ ಹತ್ತಿರಕ್ಕೆ ಎಳೆದುಕೊಂಡರು. "ಬಿಳೀದಾ?" ಎಂದರು. ಆಮೇಲೆ ಮೊಬೈಲ್ ನನ್ನ ಕೈಗಿತ್ತು, "ಅಳಿಸಾಕಪ್ಪ ಅದನ್ನ" ಎಂದರು. ಕಾಫಿ ಬಂತು. ನಾನು ಅಲ್ಲಿರುವುದನ್ನೇ ಇಬ್ಬರೂ ಮರೆತರು.

ಮರುದಿನ ಬೆಳಗ್ಗೆ ನಮ್ಮ ಗೇಟಿನಲ್ಲಿ ಕೂಗು: "ಟೀಚರಮ್ಮಾ, ಒತ್ತಾಯ್ತು, ಬನ್ನಿ!" ಮಹಡಿಯಿಂದ ಇಣುಕಿದೆ. ಇಬ್ಬರೂ ಗುಸುಗುಸು ಮಾತಾಡುತ್ತಾ ಪಕ್ಕದ ಕ್ರಾಸಿನ ಕಡೆ ತಿರುಗಿದರು. ಎದುರುಬದುರು ಕೂರಿಸಿದರೆ ಅಪರಾಧ ನಿಲ್ಲದೆ ಸಂಘಟಿತವೂ ಆಗಬಹುದೆಂದು ಯಾವ ಪ್ರೊಫೆಸರೂ ಎಚ್ಚರಿಸಿರಲಿಲ್ಲ. ಪ್ರಬಂಧದಲ್ಲಿ ನಾನೂ ಬರೆಯಲಿಲ್ಲ.

ಅಮ್ಮ ಇರುವವರೆಗೂ ಆ ಕೂಗು ತಪ್ಪಲಿಲ್ಲ. ಈಗಲೂ ಬೆಳಗ್ಗೆ ಎಚ್ಚರವಾದೊಡನೆ ಕಿವಿ ಗೇಟಿನ ಕಡೆಗೇ ಹೋಗುತ್ತದೆ.