ಉತ್ತರ ಬಾರದಿದ್ದರೆ ಒಪ್ಪಿಗೆ

ಮಗಳು ಓದುತ್ತಿದ್ದ ಶಾಲೆ ಸೂಲಿಬೆಲೆ ರಸ್ತೆಯಲ್ಲಿತ್ತು. ಅಲ್ಲಿ ಪೋಷಕರದೇ ಒಂದು ಸ್ವಯಂಸೇವಕರ ತಂಡ. ಕ್ರೀಡಾಕೂಟದ ದಿನ ನೀರು ಹಂಚುವುದು, ವ್ಯಾನು ನಿಲ್ಲುವ ಕಡೆ ಮಕ್ಕಳನ್ನು ಹತ್ತಿಸುವುದು, ಇಂಥ ಕೆಲಸ. ಇಷ್ಟಕ್ಕೆ ನಮ್ಮ ನಡುವಿನ ಸಂವಹನ ಸಾಲದು ಎಂದು ಕಂಡುಹಿಡಿದವರು ಸಂಚಾಲಕರು. ವಿಮಾನ ನಿಲ್ದಾಣದ ಬಳಿಯ ಕಂಪನಿಯೊಂದರಲ್ಲಿ ಮ್ಯಾನೇಜರು. ಪ್ರೊಜೆಕ್ಟರ್ ಹಾಕಿಸಿ, ಇನ್ನು ಮುಂದೆ ಎಲ್ಲವೂ ಈಮೇಲ್ ಗುಂಪಿನಲ್ಲೇ ನಡೆಯಬೇಕು ಎಂದು ಸಾರಿದರು. ವಾಟ್ಸಾಪ್ ಆಗದೇ ಎಂದು ಯಾರೋ ಕೇಳಿದರು.

“ಅದ್ರಲ್ಲಿ ಗುಡ್ ಮಾರ್ನಿಂಗ್ ಹೂವು ಬಿಟ್ರೆ ಇನ್ನೇನ್ ಬರುತ್ತೆ ಸಾರ್? ಮೇಲ್ ಅಂದ್ರೆ ರೆಕಾರ್ಡು” ಎಂದರು ಸಂಚಾಲಕರು.

ಪತ್ರಿಕೆಯ ಡೆಸ್ಕಿನಲ್ಲಿ ಬಹುಕಾಲ ಕೂತವಳು ನಾನು. ದಾಖಲೆಯೆಂದರೆ ಗೌರವ. ಹಾಗಾಗಿ ಬಂದ ಮೇಲನ್ನೆಲ್ಲ ಓದಿದೆ. ಕ್ರೀಡಾಕೂಟಕ್ಕೆ ನೀರಿನ ಕ್ಯಾನು ಯಾರು ತರುತ್ತೀರಿ ಎಂದು ಒಬ್ಬರು ಕೇಳಿದರು. ‘ಗಮನಿಸಲಾಗಿದೆ’ ಎಂದು ಸಾಲುಸಾಲಾಗಿ ಉತ್ತರ ಬಂತು. ಹೀಗೆ ಗಮನಿಸಿದ್ದಕ್ಕೆ ಸಂಚಾಲಕರು ಎಲ್ಲರಿಗೂ ವಂದನೆ ಹೇಳಿದರು. ಆ ವಂದನೆಗೆ ಪ್ರತಿವಂದನೆಗಳು ಬಂದವು. ನೀರು ಮಾತ್ರ ಬರಲಿಲ್ಲ. ಮಕ್ಕಳು ಎದುರಿನ ಪಂಕ್ಚರ್ ಅಂಗಡಿಯ ನಲ್ಲಿಯಲ್ಲಿ ಕುಡಿದರು. ಅದರ ಬಗ್ಗೆ ಯಾವ ಮೇಲೂ ಇಲ್ಲ.

ಆಮೇಲೆ ಒಂದು ನಿಯಮ ಬಂತು. ಯಾವುದೇ ಪ್ರಸ್ತಾವಕ್ಕೆ ಶುಕ್ರವಾರದೊಳಗೆ ಉತ್ತರಿಸದವರು ಒಪ್ಪಿದ್ದಾರೆಂದೇ ಲೆಕ್ಕ. ನಿಯಮದ ಹಿಂದೆಯೇ ಪ್ರಸ್ತಾವವೂ ಬಂತು. ನಲ್ಲೂರಿನಿಂದಾಚೆ, ಮುಖ್ಯರಸ್ತೆ ಬಿಟ್ಟು ಒಳಗಿರುವ ಒಂದು ಹಳ್ಳಿಗೆ ವ್ಯಾನು ತಿರುಗಿ ಬರುವುದರಿಂದ ಬಡಾವಣೆಯ ಮಕ್ಕಳು ತಡವಾಗಿ ಮನೆ ಸೇರುತ್ತಿದ್ದಾರೆ. ಇನ್ನು ಹಳ್ಳಿಯ ಮಕ್ಕಳು ಮುಖ್ಯರಸ್ತೆಗೇ ಬಂದು ನಿಲ್ಲಲಿ. ಆಪ್ಟಿಮೈಸೇಶನ್ ಎಂಬ ಹೆಸರಿತ್ತು ಇದಕ್ಕೆ. ನಾನು ವಿರೋಧ ಬರೆದೆ. ಬಡಾವಣೆಯವರೆಲ್ಲ ಒಪ್ಪಿದರು. ಹಳ್ಳಿಯವರಿಂದ ಒಂದಕ್ಷರವೂ ಬರಲಿಲ್ಲ. ‘ಬಹುಮತದಿಂದ ಅಂಗೀಕಾರ, ಸೋಮವಾರದಿಂದ ಜಾರಿ’ ಎಂದು ಮೇಲ್ ಬಂತು.

ಆ ಮೌನದ ಮೇಲೆ ನನಗೆ ನಂಬಿಕೆ ಬರಲಿಲ್ಲ. ಆ ಹಳ್ಳಿಯ ಸ್ವಯಂಸೇವಕಿ ನನಗೆ ಗೊತ್ತಿದ್ದ ಹೆಂಗಸು. ಎರಡು ಹಸು, ಸ್ವಲ್ಪ ದ್ರಾಕ್ಷಿ ತೋಟ. ಮಗಳು ಆರನೇ ತರಗತಿ. ಡೇರಿಗೆ ಹಾಲು ಹಾಕುವ ಹೊತ್ತು, ವ್ಯಾನು ಬರುವ ಹೊತ್ತು ಎರಡೂ ಒಂದೇ. ಅವಳ ಮನೆಗೇ ಹೋಗಿ ಕೇಳಿದೆ. ಅವಳಿಗೆ ಏನೂ ತಿಳಿದಿರಲಿಲ್ಲ. ಹೇಳಿದ ಮೇಲೆ ಹುಲ್ಲಿನ ಹೊರೆ ಕೆಳಗಿಟ್ಟಳು.

“ರೋಡಿಗಾ? ಜಲ್ಲಿ ಟಿಪ್ಪರ್ ಒಂದರ ಹಿಂದೆ ಒಂದು ಹೋಗೋ ಜಾಗ ಅಕ್ಕಾ ಅದು. ನಾನು ಡೇರಿ ಬಿಟ್ಟು ಬರಂಗಿಲ್ಲ. ನಮ್ಮತ್ತೆಗೆ ಇಷ್ಟು ಸಿಕ್ಕಿದ್ರೆ ಸಾಕು, ಸ್ಕೂಲು ಬಿಡಿಸು ಅಂತಾರೆ.”

ಜಗಲಿಯ ಮೇಲಿಂದ ಅತ್ತೆಯೇ ಅಂದರು, “ಅನ್ನದೆ ಏನ್ಮಾಡ್ಲಿ? ಬೆಳೆಯೋ ಹೆಣ್ಮಗ ಲಾರಿ ರೋಡ್ನಲ್ಲಿ ಒಂಟಿಯಾಗಿ ನಿಂತ್ಕಬೇಕಾ? ಮನೇಲೇ ಇರ್ಲಿ.”

ಬಾಗಿಲ ಬಳಿ ಕೂತು ಬೂಟಿಗೆ ಪಾಲಿಶ್ ಹಚ್ಚುತ್ತಿದ್ದ ಹುಡುಗಿ ತಲೆಯೆತ್ತಲಿಲ್ಲ. ಬ್ರಷ್ಷು ಮಾತ್ರ ನಿಂತಿತು.

ಮೇಲ್ ನೋಡಲಿಲ್ಲವೇ ಎಂದು ಕೇಳಿದೆ. ಅವಳು ಒಂದು ವಿಳಾಸವನ್ನು ಬಾಯಿಪಾಠ ಒಪ್ಪಿಸಿದಳು. ಅದು ಊರ ಸರ್ಕಲ್ಲಿನ ಸೈಬರ್ ಸೆಂಟರಿನದು.

“ಅದೇ ಅಲ್ವಾ ನಮ್ದು? ರೇಷನ್ ಕಾರ್ಡು, ಜಾತಿ ಸರ್ಟಿಫಿಕೇಟು, ಎಲ್ಲಾದಕ್ಕೂ ಅವರು ಅದನ್ನೇ ಹಾಕಿರೋದು. ಇಡೀ ಊರಿಗೇ ಅದೇ.”

ಆ ಹಳ್ಳಿಯಿಂದ ಶಾಲೆಗೆ ಮಕ್ಕಳನ್ನು ಕಳಿಸುವ ಎಲ್ಲ ಮನೆಯವರೂ ಅದನ್ನೇ ಬರೆಸಿದ್ದರು. ಸೈಬರ್ ಸೆಂಟರಿನವನನ್ನು ಕೇಳಿದರೆ ಅವನು ನಕ್ಕ. “ಓ, ಅವಾ? ದಿನಾ ಇಂಗ್ಲಿಷ್ನಲ್ಲಿ ಸುರೀತಿದ್ವು ಮೇಡಂ. ಲೋನ್ ಕೊಡೋರು ಅನ್ಕೊಂಡು ಡಿಲೀಟ್ ಹೊಡೀತಿದ್ದೆ.”

ಅವನ ಅಂದಾಜು ಪೂರ್ತಿ ತಪ್ಪಲ್ಲ ಅನ್ನಿಸಿತು. ಆದರೂ ಸಂಚಾಲಕರಿಗೆ ಫೋನ್ ಮಾಡಿ ವಿಷಯ ತಿಳಿಸಿದೆ.

“ಮೇಡಂ, ಗ್ರೂಪಲ್ಲಿ ಆ ಐಡಿ ಒಂದೇ ಮೆಂಬರ್. ಅಬ್ಜೆಕ್ಷನ್ ಬಂದಿದ್ರೂ ಒಂದೇ ವೋಟ್ ಆಗ್ತಿತ್ತು.”

“ಅಷ್ಟು ಮನೆ ಸೇರಿ ಒಬ್ಬರಾ?”

“ಸಿಸ್ಟಮ್ ಹಂಗೆ ತಗೊಳುತ್ತೆ. ಬೇಕಿದ್ರೆ ಅವರು ಬೇರೆಬೇರೆ ಐಡಿ ಮಾಡ್ಕೊಂಡು ಮುಂದಿನ ಟರ್ಮ್‌ಗೆ ಪ್ರಪೋಸಲ್ ಕಳಿಸ್ಲಿ.”

ನಾನು ಕೆಲಸದಲ್ಲಿದ್ದಾಗ ಅನೇಕ ಮೊಂಡ ಅಧಿಕಾರಿಗಳನ್ನು ಕಂಡಿದ್ದೇನೆ. ಅವರಿಗೆ ಸಂಬಳವಾದರೂ ಬರುತ್ತಿತ್ತು. ಈತ ಬಿಟ್ಟಿಯಾಗಿ ಅದೇ ಕೆಲಸ ಮಾಡುತ್ತಿದ್ದ.

ಶನಿವಾರ ಶಾಲೆಯಲ್ಲಿ ತಂಡದ ಸಭೆಯಿತ್ತು. ಅದನ್ನು ಹಳ್ಳಿಯ ಆ ಸ್ವಯಂಸೇವಕಿಗೆ ಹೇಳಿದ್ದೆ, ಬೇರೇನೂ ಹೇಳಿರಲಿಲ್ಲ. ಅಂದು ಬೆಳಿಗ್ಗೆ ವ್ಯಾನು ಬಂದಾಗ ಹಾಲು ಹಾಕಲು ಅತ್ತೆಯರನ್ನೂ ಗಂಡಂದಿರನ್ನೂ ಕಳಿಸಿ, ತಾಯಂದಿರೆಲ್ಲ ಮಕ್ಕಳ ಜೊತೆ ವ್ಯಾನು ಹತ್ತಿಬಿಟ್ಟರಂತೆ. ಡ್ರೈವರ್ ಎಲ್ಲಿಗೆ ಎಂದು ಕೇಳಿದ್ದಕ್ಕೆ, “ಮೇಲ್ ಹಾಕಕ್ಕೆ ಹೋಯ್ತಿದೀವಿ, ನಡಿಯಣ್ಣ” ಎಂದಳಂತೆ ಒಬ್ಬಳು.

ಅವರು ಸಭೆಯ ಬಾಗಿಲಲ್ಲಿ ಬಂದು ನಿಂತದ್ದನ್ನು ನಾನೇ ನೋಡಿದೆ. ಸಂಚಾಲಕರು ಪ್ರೊಜೆಕ್ಟರಿನ ಬೆಳಕಿನಿಂದ ಮುಖ ತಿರುಗಿಸಿ, “ಏನಾದ್ರೂ ಇದ್ರೆ ಗ್ರೂಪಿಗೆ ಬರೀರಮ್ಮ, ಎಲ್ಲರಿಗೂ ತಲುಪುತ್ತೆ” ಎಂದರು.

“ಎಲ್ರೂ ಇಲ್ಲೇ ಅವ್ರಲ್ಲ ಸಾರ್” ಎಂದಳು ನಮ್ಮವಳು. “ಊರೊಳಕ್ಕೆ ವ್ಯಾನ್ ಬರ್ದಿದ್ರೆ ನನ್ ಮಗಳ ಓದು ನಿಲ್ತದೆ. ಇದನ್ನ ಇಂಗ್ಲಿಷ್ನಲ್ಲಿ ಬರೀಬೇಕಾ?”

ಸಭೆಯಲ್ಲಿ ಕೂತಿದ್ದ ಮುಖ್ಯೋಪಾಧ್ಯಾಯಿನಿ ಡ್ರೈವರನ್ನು ಕರೆಸಿ, ಊರೊಳಗೆ ಹೋಗಿ ಬರಲು ಎಷ್ಟು ಹೊತ್ತು ಎಂದು ಕೇಳಿದರು. “ಹತ್ತು ನಿಮಿಷ ಮೇಡಂ, ಎಮ್ಮೆ ಅಡ್ಡ ಬಂದ್ರೆ ಇನ್ನೆರಡು.” ಈ ವರ್ಷ ಪೂರ್ತಿ ಈಗಿದ್ದಂತೆಯೇ ಹೋಗಲಿ, ಮುಂದಿನ ವರ್ಷ ನೋಡೋಣ ಎಂದು ಅವರು ಎದ್ದರು. ಅದಕ್ಕಿಂತ ಹೆಚ್ಚಿನದನ್ನು ಆ ಶಾಲೆಯಿಂದ ನಾನು ನಿರೀಕ್ಷಿಸಿರಲಿಲ್ಲ.

ಸಂಜೆ ಸಂಚಾಲಕರ ಮೇಲ್ ಬಂತು. ಗುಂಪಿನಲ್ಲಿ ನಡೆದ ಮುಕ್ತ ಸಮಾಲೋಚನೆಯ ಫಲವಾಗಿ ವ್ಯಾನಿನ ದಾರಿಯನ್ನು ಉಳಿಸಿಕೊಳ್ಳಲಾಗಿದೆ, ಪರಸ್ಪರ ಸಂವಹನ ಎಷ್ಟು ಉಪಯುಕ್ತ ಎಂಬುದಕ್ಕೆ ಇದೇ ಸಾಕ್ಷಿ ಎಂದಿತ್ತು. ಬಾಗಿಲಲ್ಲಿ ನಿಂತವರ ಪ್ರಸ್ತಾಪವಿರಲಿಲ್ಲ. ಡೆಸ್ಕಿನಲ್ಲಿದ್ದಿದ್ದರೆ ಆ ವರದಿಯನ್ನು ಬರೆದವರ ಕೈಗೇ ವಾಪಸು ಕೊಡುತ್ತಿದ್ದೆ. ಇಲ್ಲಿ ಗುಂಪಿನಿಂದ ನನ್ನ ಹೆಸರು ತೆಗೆಸಿದೆ. ಅದನ್ನೂ ಯಾರೋ ಗಮನಿಸಿರಬೇಕು.

ಸೋಮವಾರ ಮಗಳನ್ನು ವ್ಯಾನು ಹತ್ತಿಸುವಾಗ ಒಳಗೆ ಇಣುಕಿದೆ. ಹಳ್ಳಿಯ ಹುಡುಗಿ ಕಿಟಕಿಯ ಪಕ್ಕ ಕೂತಿದ್ದಳು. ಅಮ್ಮ ಎಲ್ಲಿ ಎಂದೆ.

“ಡೇರಿಗೋದ್ರು ಆಂಟಿ” ಎಂದು, ನನ್ನ ಮಗಳಿಗೆ ಜಾಗ ಕೊಡಲು ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಂಡಳು.