ಮೂಲೆಯ ಕಂಬಿ

ಅವರು ಮುಷ್ಟಿ ಬಿಗಿದರೆ ಬಲಗೈಯ ಎರಡು ಗೆಣ್ಣುಗಳು ಮೇಲೇಳುತ್ತಿರಲಿಲ್ಲ. ಅಲ್ಲಿ ಯಾರೋ ಬೆರಳಿಟ್ಟು ಒತ್ತಿದಂಥ ಕುಳಿ. ಸೈನ್ಯದಲ್ಲಿ ಬಾಕ್ಸರ್ ಆಗಿದ್ದ ನನ್ನ ಕೋಚ್, ನಿವೃತ್ತರಾದ ಮೇಲೆ ಮೂರ್ನಾಡಿನ ಹಳೆಯ ಕಾಫಿ ಗೋದಾಮಿನಲ್ಲಿ ತರಬೇತಿ ಕೊಡುತ್ತಿದ್ದರು.

ನಾನು ಸೇರಿದಾಗ ನನಗೆ ನಲವತ್ತೊಂದು ವರ್ಷ. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವನು. ಮಹಡಿ ಹತ್ತಿದರೆ ಏದುಸಿರು. ಮೊದಲ ವಾರ ಪಾದ ಉಳುಕಿತು, ಎರಡನೆಯ ವಾರ ಹೆಗಲು ಹಿಡಿಯಿತು.

"ಮೇಷ್ಟ್ರೇ, ಗುದ್ದೋ ಚೀಲಕ್ಕೆ ಏಟು ಬೀಳೋ ಮೊದ್ಲೇ ನೀವು ಬೀಳ್ತೀರಲ್ಲ!" ಎಂದು ನಗುತ್ತಲೇ ನನ್ನ ಕೈಗೆ ಪಟ್ಟಿ ಸುತ್ತುತ್ತಿದ್ದರು.

ಗೋದಾಮಿನ ಮೂಲೆಯಲ್ಲಿ ರೈಲು ಕಂಬಿಯ ತುಂಡೊಂದು ತೂಗುತ್ತಿತ್ತು. ಹಿಂದೆ ಎಸ್ಟೇಟಿನ ಆಳುಗಳನ್ನು ಕರೆಯಲು ಬಾರಿಸುತ್ತಿದ್ದದ್ದು. ಸುತ್ತು ಮುಗಿದಾಗ ಕೋಚ್ ಅದಕ್ಕೆ ಸ್ಪ್ಯಾನರಿನಿಂದ ಹೊಡೆಯುತ್ತಿದ್ದರು. ಆ ಮೂಲೆಯಲ್ಲಿ ಯಾರೂ ನಿಲ್ಲುವಂತಿರಲಿಲ್ಲ.

"ಈಚೆ ಬನ್ನಿ ಮೇಷ್ಟ್ರೇ, ಅಲ್ಲೊಬ್ಬ ಇದ್ದಾನೆ."

"ಯಾರು ಸಾರ್? ಪಾಪ, ಅವನಿಗೂ ಆರು ಗಂಟೆಗೇ ಬಾ ಅಂದಿದ್ದೀರಾ?"

ಅವರು ನಗಲಿಲ್ಲ. "ನನ್ನ ರೆಜಿಮೆಂಟಿನವ. ಅಭ್ಯಾಸ ಮಾಡುವಾಗ 'ಸಾಕು' ಅಂದ. ಕೇಳಿಸ್ತು. ಆದ್ರೂ ಇನ್ನೊಂದು ಹೊಡೆದೆ." ಕುಳಿಬಿದ್ದ ಗೆಣ್ಣುಗಳನ್ನು ಉಜ್ಜಿಕೊಂಡರು. "ಮತ್ತೆ ಅವ ಏಳಲಿಲ್ಲ."

ಮೂರನೇ ತಿಂಗಳ ಒಂದು ಬೆಳಿಗ್ಗೆ ಮಣಿಕಟ್ಟು ನೋಯುತ್ತಿದ್ದರೂ ನಾನು ಹೇಳಲಿಲ್ಲ. ಒಂದು ದಿನವಾದರೂ ಪೂರ್ತಿ ಮುಗಿಸಬೇಕೆಂಬ ಹಟ. ಕೋಚ್ ಎರಡೂ ಕೈಗೆ ಪ್ಯಾಡ್ ತೊಟ್ಟು ನನ್ನೆದುರಿಗೇ ನಿಂತಿದ್ದರು. ಕೊನೆಯ ಏಟಿಗೆ ಕೈ ಎತ್ತಿದೆ.

ಕಂಬಿ ಢಣ್ ಎಂದಿತು.

ನನ್ನ ಕೈ ಅಲ್ಲೇ ನಿಂತಿತು. ಕೋಚ್ ಮುಖ ಬಿಳಿಚಿಕೊಂಡಿತ್ತು. ಮೂಲೆಯತ್ತ ತಿರುಗದೆ, "ಗ್ಲೌಸ್ ತೆಗೀರಿ," ಎಂದರು. "ಹೇಳಿದಾಗ ಕೇಳ್ಬೇಕು."

ಎಕ್ಸ್‌ರೇಯಲ್ಲಿ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟದ್ದು ಕಂಡಿತು. ಇನ್ನೊಂದು ಏಟಿಗೆ ಎರಡು ತುಂಡಾಗುತ್ತಿತ್ತು ಎಂದರು ಮಡಿಕೇರಿಯ ಡಾಕ್ಟರು.

ನಮ್ಮ ಜೊತೆ ತರಬೇತಿಗೆ ಬರುತ್ತಿದ್ದ, ಅಂದು ಗೋದಾಮಿನಲ್ಲಿ ನನ್ನ ಪಕ್ಕದಲ್ಲೇ ಹಗ್ಗ ಜಿಗಿಯುತ್ತಿದ್ದ ನರ್ಸ್ ಒಬ್ಬರು ಮಾತ್ರ ಇಂದಿಗೂ, "ಏನೂ ಸದ್ದಾಗ್ಲಿಲ್ಲ ಸಾರ್, ನೀವೇ ನಿಂತ್ರಿ," ಎನ್ನುತ್ತಾರೆ. ಇರಬಹುದು. ನೋವಿನಲ್ಲಿ ಕಿವಿ ಸುಳ್ಳು ಹೇಳೀತು, ಆಮೇಲೆ ನೆನಪು ಅದಕ್ಕೆ ಸಾಕ್ಷಿ ನುಡಿದೀತು. ಆದರೆ ಕೋಚ್ ಮುಖ ಬಿಳಿಚಿದ್ದು?

ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಗೋದಾಮು ಖಾಲಿ ಮಾಡುವಾಗ ಅವರ ಹೆಂಡತಿ ನನ್ನನ್ನು ಕರೆಸಿ ಕಂಬಿಯನ್ನು ತೋರಿಸಿದರು.

"ಮೇಷ್ಟ್ರಿಗೆ ಕೊಡು ಅಂದಿದ್ರು. ಸ್ಪ್ಯಾನರ್ ಬೇಡವಂತೆ."

ಈಗ ಅದು ನಮ್ಮ ಶೆಡ್ಡಿನ ಮೂಲೆಯಲ್ಲಿ ತೂಗುತ್ತಿದೆ. ಒಬ್ಬನೇ ಅಭ್ಯಾಸ ಮಾಡುತ್ತೇನೆ. ನೋವನ್ನು ಮುಚ್ಚಿಟ್ಟು ಇನ್ನೊಂದು ಏಟು ಹೊಡೆದು ನೋಡಿದರೆ ನನ್ನ ಸಂಶಯ ಇವತ್ತೇ ಬಗೆಹರಿದೀತು. ಭೌತಶಾಸ್ತ್ರದವನು ಮಾಡಲೇಬೇಕಾದ ಪ್ರಯೋಗ ಅದು.

ಮಣಿಕಟ್ಟು ಚುರುಕ್ ಎಂದ ಕೂಡಲೇ ಗ್ಲೌಸ್ ಬಿಚ್ಚುತ್ತೇನೆ, ಮೂಲೆಯತ್ತ ತಿರುಗದೆ.